ಭಾನುವಾರದ ಮಾತ್ರೆ

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ 43 ಜನ ಇದ್ದೇವೆ. ಸಾಗರದ ಹತ್ತಿರದ ತೋಟದ ಮನೆಯಿಂದ ಹಿಡಿದು ಬೆಂಗಳೂರು, ಪುಣೆ, ಡಲ್ಲಾಸ್ ತನಕ ಹರಡಿಕೊಂಡವರು. ಕಳೆದ ಭಾನುವಾರ ಸಂಜೆ ಆರೂಕಾಲಿಗೆ ಸರೋಜತ್ತೆ ಒಂದು ಫಾರ್ವರ್ಡ್ ಹಾಕಿದರು. ತಲೆಯ ಮೇಲೆ ಎರಡು ಬಾಣದ ಗುರುತು. ಎಷ್ಟೋ ಕೈ ದಾಟಿ ಬಂದದ್ದು ಎಂದರ್ಥ.

"ಎಚ್ಚರ! ಸೋರಿಯಾಸಿಸ್ ಇದ್ದವರಿಗೆ ಕ್ಯಾನ್ಸರ್ ಗ್ಯಾರಂಟಿ. ವಿದೇಶದ ವಿಜ್ಞಾನಿಗಳೇ ಒಪ್ಪಿದ್ದಾರೆ. ಡಾಕ್ಟರು ಕೊಡುವುದು ಕ್ಯಾನ್ಸರ್ ಮಾತ್ರೆ, ನಿಮಗೆ ಹೇಳುವುದಿಲ್ಲ ಅಷ್ಟೇ. ಇಂದೇ ನಿಲ್ಲಿಸಿ. ನಮ್ಮ ಭಸ್ಮ 21 ದಿನ ತೆಗೆದುಕೊಳ್ಳಿ. ಎಲ್ಲರಿಗೂ ಕಳಿಸಿ, ಒಂದು ಜೀವ ಉಳಿಸಿ." ಕೆಳಗೆ ಒಂದು ಫೋನ್ ನಂಬರ್.

ಅದರ ಕೆಳಗೆ ಅತ್ತೆ ತಾವೇ ಬರೆದರು: "ರಘು, ಇದನ್ನ ಒಂದ್ಸಲ ನೋಡಪ್ಪಾ."

ರಘು ಚಿಕ್ಕಪ್ಪನಿಗೆ 19 ವರ್ಷದಿಂದ ಸೋರಿಯಾಸಿಸ್ ಇದೆ. ಊರಲ್ಲಿ ಅದಕ್ಕೆ ಇಸುಬು ಎಂದೇ ಹೆಸರು. ಎಂಥ ಬೇಸಿಗೆಯಲ್ಲೂ ಅವರದು ತುಂಬುತೋಳಿನ ಅಂಗಿ. ಎಲ್ಲಾದರೂ ಕೂತು ಏಳುವಾಗ ಮೊದಲು ತಿರುಗಿ ಕುರ್ಚಿ ನೋಡುತ್ತಾರೆ. ಉದುರಿದ ಬಿಳಿ ಹೊಟ್ಟನ್ನು ಅಂಗೈಯಿಂದ ಒರಸಿ, ಮುಷ್ಟಿಯಲ್ಲಿ ಹಿಡಿದು, ಹೊರಗೆ ಹೋಗಿ ಕೊಡವಿ ಬರುತ್ತಾರೆ. ನಾನು ಚಿಕ್ಕವಳಿದ್ದಾಗಿಂದ ಇದನ್ನು ನೋಡುತ್ತಾ ಬಂದಿದ್ದೇನೆ. ನಮ್ಮೆಲ್ಲರ ಚರ್ಮವೂ ಉದುರುತ್ತದೆ. ಹೊಸ ಚರ್ಮ ಮೇಲೆ ಬಂದು ಉದುರಲು ಸುಮಾರು ಒಂದು ತಿಂಗಳು ಹಿಡಿಯುತ್ತದೆ. ಚಿಕ್ಕಪ್ಪನ ಮೈಯಲ್ಲಿ ಆ ಕೆಲಸ ಕೆಲವೇ ದಿನದಲ್ಲಿ ಮುಗಿಯುತ್ತದೆ. ಅದಕ್ಕೇ ಪದರ ಪದರವಾಗಿ ದಪ್ಪಗಟ್ಟುತ್ತದೆ.

ಮೊದಲ ಉತ್ತರ ಕಾರ್ತಿಕನದು. ಅವನು ಸರೋಜತ್ತೆಯ ಮಗ, ಬೆಂಗಳೂರಲ್ಲಿ ಇಂಜಿನಿಯರ್.

ಕಾರ್ತಿಕ್: ಅಮ್ಮಾ, ಯಾವ ವಿಜ್ಞಾನಿಗಳು? ಯಾವ ಸಂಶೋಧನೆ? ಮೂಲ ಇಲ್ಲದೆ ಏನನ್ನೂ ಹಾಕಬೇಡ ಅಂತ ಎಷ್ಟು ಸಲ ಹೇಳಿದ್ದೇನೆ?

ದೊಡ್ಡಪ್ಪ: ಹೆತ್ತ ತಾಯಿಯನ್ನು ಗುಂಪಿನಲ್ಲಿ ಹೀಗೆ ಕೇಳುತ್ತಾರೇನೋ ಕಾರ್ತಿಕ? ಒಳ್ಳೇದಕ್ಕೆ ಹಾಕಿದ್ದಾಳೆ. ಬೇಡದಿದ್ದರೆ ಬಿಡು.

ಸುಮಕ್ಕ: ಅಜ್ಜಿ ಇದ್ದಿದ್ರೆ ಹೊಂಗೆ ಎಣ್ಣೆ ಹಚ್ಚಿ ಬಿಸಿಲಲ್ಲಿ ಕೂರಿಸುತ್ತಿದ್ದರು. ಅಂಗಳದಲ್ಲಿ ಹಲಸಿನ ಹಪ್ಪಳ ಕಾಯಲು ನಮ್ಮನ್ನೂ ಕೂರಿಸುತ್ತಿದ್ದರಲ್ಲಾ, ನೆನಪಿದೆಯಾ?

ಹಪ್ಪಳದ ಹಿಂದೆ ಹನ್ನೊಂದು ಮೆಸೇಜ್ ಬಂದವು. ಕಾಗೆ ಓಡಿಸುವ ಕೋಲು ಯಾರ ಕೈಯಲ್ಲಿತ್ತು, ಹಸಿ ಹಿಟ್ಟು ಕದ್ದು ತಿಂದವರು ಯಾರು. ಪುಣೆಯಲ್ಲಿ ಕೂತ ಸುಮಕ್ಕನಿಗೆ ಆ ಅಂಗಳ ಎಷ್ಟು ಮುಖ್ಯ ಅಂತ ನನಗೆ ಗೊತ್ತು. ಆದರೆ ಚಿಕ್ಕಪ್ಪನ ಹೆಸರು ಹಿಡಿದು ಕ್ಯಾನ್ಸರ್ ಗ್ಯಾರಂಟಿ ಎಂದು ಬರೆದ ಮಾತು ಹಾಗೇ ಮೇಲೆ ಉಳಿಯಿತು. ಅದನ್ನು ಯಾರೂ ಪೂರ್ತಿ ಓದಿರಲಿಲ್ಲ.

ಏಳೂವರೆಗೆ ಕಾರ್ತಿಕ್ ವಾಪಸ್ ಬಂದ. ಹುಡುಕಿಕೊಂಡೇ ಬಂದಿದ್ದ.

ಕಾರ್ತಿಕ್: ಸಂಶೋಧನೆ ಇದೆ. 2019ರ ಅಕ್ಟೋಬರ್, ಜಾಮಾ ಡರ್ಮಟಾಲಜಿ ಎಂಬ ವೈದ್ಯಕೀಯ ಪತ್ರಿಕೆ. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು 58 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದ್ದಾರೆ. ತೀವ್ರ ಸೋರಿಯಾಸಿಸ್ ಇದ್ದವರಲ್ಲಿ ಕ್ಯಾನ್ಸರ್ ಶೇಕಡಾ 22 ಜಾಸ್ತಿ.

ಅವನು ಬರೆದದ್ದರಲ್ಲಿ ತಪ್ಪಿರಲಿಲ್ಲ. ಆದರೆ ಓದಿದವರ ಕಣ್ಣಿಗೆ ಬಿದ್ದದ್ದು 22 ಮಾತ್ರ.

ಸರೋಜತ್ತೆ: ನೋಡಿದೆಯಾ! ನೂರಕ್ಕೆ ಇಪ್ಪತ್ತೆರಡು ಜನ! ನಾನು ಹೇಳಿದ್ದು ಸುಳ್ಳಾ?

ಇಲ್ಲಿ ನಾನು ಬಾಯಿ ಹಾಕಲೇಬೇಕಾಯಿತು. ನಾನು ಔಷಧಿ ಅಂಗಡಿಯಲ್ಲಿ ಕೂರುವವಳು. ದಿನಾ ಇಂಥ ಭಯ ಹೊತ್ತವರು ಕೌಂಟರ್ ಮುಂದೆ ನಿಲ್ಲುತ್ತಾರೆ. ಹೀಗೆ ಬರೆದೆ: "ಅತ್ತೆ, ನೂರರಲ್ಲಿ 22 ಜನಕ್ಕೆ ಬರುತ್ತದೆ ಅಂತ ಅಲ್ಲ. ಈ ಕಾಯಿಲೆ ಇಲ್ಲದ ನೂರು ಜನರಲ್ಲಿ 10 ಜನಕ್ಕೆ ಕ್ಯಾನ್ಸರ್ ಬರುವುದು ಅಂತ ಇಟ್ಟುಕೊಳ್ಳಿ. ತೀವ್ರವಾಗಿ ಇರುವ ನೂರು ಜನರಲ್ಲಿ ಅದು 12 ಆಗುತ್ತದೆ. ಉಳಿದ 88 ಜನಕ್ಕೆ ಬರುವುದಿಲ್ಲ. ಆ ಹೆಚ್ಚುವರಿ ಎರಡರಲ್ಲೂ ಬೀಡಿ, ಹೆಂಡ, ಬೊಜ್ಜಿನ ಪಾಲು ಎಷ್ಟು, ಚರ್ಮದ ಪಾಲು ಎಷ್ಟು ಅಂತ ಹಲವು ಅಧ್ಯಯನಗಳು ಬೇರೆ ಮಾಡಿ ನೋಡಿಲ್ಲ. ಸಂಬಂಧ ಇರುವುದು ನಿಜ. ಗ್ಯಾರಂಟಿ ಅನ್ನುವುದು ಸುಳ್ಳು."

ಇನ್ನೂ ಬರೆಯುವುದಿತ್ತು. ಲಿಂಫೋಮಾ ಎನ್ನುವ ಕ್ಯಾನ್ಸರ್ ಇವರಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತದೆ. ಆದರೆ ಅದೇ ಅಪರೂಪದ್ದು. ಹಾಗಾಗಿ ಜಾಸ್ತಿ ಎಂದರೂ ಬರುವವರು ಬೆರಳೆಣಿಕೆ. ಚರ್ಮದ ಕ್ಯಾನ್ಸರ್ ವಿಷಯದಲ್ಲಿ ಹಳೇ ಕಥೆ ಒಂದಿದೆ. 1970ರ ದಶಕದಲ್ಲಿ ಪುವಾ ಎಂಬ ಬೆಳಕಿನ ಚಿಕಿತ್ಸೆ ಬಂತು. ಸೊರಾಲೆನ್ ಮಾತ್ರೆ ಕೊಟ್ಟು ದೀಪದ ಪೆಟ್ಟಿಗೆಯಲ್ಲಿ ನಿಲ್ಲಿಸುವುದು. ಅಮೆರಿಕದಲ್ಲಿ 1,380 ರೋಗಿಗಳನ್ನು ವರ್ಷಗಟ್ಟಲೆ ಬೆನ್ನು ಹತ್ತಿ ನೋಡಿದರು. ನೂರಾರು ಸಲ ಅದನ್ನು ತೆಗೆದುಕೊಂಡವರಲ್ಲಿ ಚರ್ಮದ ಕ್ಯಾನ್ಸರ್ ನಿಜಕ್ಕೂ ಹೆಚ್ಚಿತ್ತು. ಅವರೆಲ್ಲ ಹೆಚ್ಚಿನಂಶ ಬಿಳಿ ಚರ್ಮದವರು. ಈಗ ಹೆಚ್ಚಾಗಿ ಕೊಡುವ ಬೆಳಕು ಬೇರೆ. ಇಷ್ಟನ್ನೆಲ್ಲ ಟೈಪ್ ಮಾಡುವಷ್ಟರಲ್ಲಿ ಮಾತು ತೋಟಕ್ಕೆ ಹೋಗಿತ್ತು.

ಕಾರಣ ಕಾರ್ತಿಕನ ಇನ್ನೊಂದು ಮೆಸೇಜ್.

ಕಾರ್ತಿಕ್: ಕ್ಯಾನ್ಸರ್ ಚಿಂತೆ ಇದ್ದರೆ ಮೊದಲು ಎಲೆಯಡಿಕೆ ಕವಳ ಬಿಡಲಿ ಎಲ್ಲರೂ. ತಂಬಾಕು ಮಾತ್ರ ಅಲ್ಲ, ಅಡಿಕೆಯೇ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ.

ದೊಡ್ಡಪ್ಪ: ಅಡಿಕೆಯ ಸುದ್ದಿಗೆ ಬರಬೇಡ. ನಿನ್ನ ಇಂಜಿನಿಯರಿಂಗ್ ಫೀಸು ಕಟ್ಟಿದ್ದು ಇದೇ ಅಡಿಕೆ.

ಸರೋಜತ್ತೆ: ಅಣ್ಣ, ಫೀಸಿನ ಮಾತು ಎತ್ತಿದ್ದೀಯ. ತೋಟದ ಪಾಲಿನ ಕಾಗದಕ್ಕೆ ನನ್ನಿಂದ ಸುಮ್ನೆ ಸಹಿ ಹಾಕಿಸಿಕೊಂಡದ್ದೂ ಹೇಳು ಹಾಗಾದರೆ.

ದೊಡ್ಡಪ್ಪ: ಅದು ಮುಗಿದ ಮಾತು.

ಸರೋಜತ್ತೆ: ನಿನಗೆ ಮುಗಿದಿದೆ.

ಅರ್ಧ ಗಂಟೆ ಇದೇ ನಡೆಯಿತು. ಅಡಿಕೆ ಬೆಳೆಯುವ ಮನೆಯಲ್ಲಿ ಹುಟ್ಟಿದವಳು ನಾನು. ಅಡಿಕೆ ಮಾರಿದ ದುಡ್ಡಲ್ಲಿ ನನ್ನ ಕಾಲೇಜೂ ಆಗಿದೆ. ಆದರೂ ಕಾರ್ತಿಕ್ ಹೇಳಿದ್ದು ಸರಿ. ಕವಳದ ಸಂಚಿ ಬಾಯಿಗೆ ಮಾಡುವ ಕೆಡುಕಿನ ಮುಂದೆ, ಸೋರಿಯಾಸಿಸ್‌ನಿಂದ ಬರುವ ಆ ಹೆಚ್ಚುವರಿ ಅಪಾಯ ಚಿಕ್ಕದು. ಇದು ಹೇಳಲು ನನಗೂ ಕಷ್ಟವಾಗುತ್ತದೆ.

ಎಂಟೂವರೆಗೆ ಅತ್ತೆ ಬರೆದ ಮಾತಿನಿಂದ ಎಲ್ಲವೂ ಬೇರೆ ದಿಕ್ಕಿಗೆ ತಿರುಗಿತು.

ಸರೋಜತ್ತೆ: ಯಾರೂ ಏನೂ ಹೇಳಬೇಡಿ. ದೀಪಾವಳಿಗೆ ರಘು ನಮ್ಮಲ್ಲಿ ಉಳಿದಿದ್ದಾಗ ಅವನ ಮಾತ್ರೆಯ ಕಾಗದ ನೋಡಿದ್ದೇನೆ. ಅದರಲ್ಲಿ ಕ್ಯಾನ್ಸರ್ ಅಂತ ಬರೆದಿತ್ತು. ಇವರೂ ಹೀಗೇ ಮುಚ್ಚಿಟ್ಟಿದ್ದರು. ಗೊತ್ತಾಗುವಷ್ಟರಲ್ಲಿ ಎರಡೇ ತಿಂಗಳು ಉಳಿದಿತ್ತು.

ಇವರು ಎಂದರೆ ನಮ್ಮ ಮಾವ. ತೀರಿಕೊಂಡು ಮೂರು ವರ್ಷವಾಯಿತು. ಓದಿ ನನಗೆ ಗಂಟಲು ಕಟ್ಟಿತು. ಅತ್ತೆ ದೀಪಾವಳಿಯಿಂದ ಇದನ್ನು ಒಬ್ಬರೇ ಹೊತ್ತುಕೊಂಡಿದ್ದರು. ಫಾರ್ವರ್ಡ್ ಬಂದಾಗ ತಮ್ಮ ಭಯವೇ ಅಚ್ಚಾಗಿ ಬಂತು ಅನ್ನಿಸಿರಬೇಕು.

ನಾನು ಬರೆದೆ: "ಅತ್ತೆ, ಆ ಮಾತ್ರೆಯ ಹೆಸರು ಮೆಥೊಟ್ರೆಕ್ಸೇಟ್. ಕ್ಯಾನ್ಸರ್‌ಗೂ ಕೊಡುತ್ತಾರೆ, ಸೋರಿಯಾಸಿಸ್‌ಗೂ ಕೊಡುತ್ತಾರೆ, ಸಂಧಿವಾತಕ್ಕೂ ಕೊಡುತ್ತಾರೆ. ಚಿಕ್ಕಪ್ಪ ವಾರಕ್ಕೆ ಒಂದೇ ದಿನ 15 ಮಿಲಿಗ್ರಾಂ ತೆಗೆದುಕೊಳ್ಳುತ್ತಾರೆ. ಕೆಲವು ಕ್ಯಾನ್ಸರ್‌ಗಳಿಗೆ ಕೊಡುವಾಗ ಅದು ಸಾವಿರಗಟ್ಟಲೆ ಮಿಲಿಗ್ರಾಂ ಆಗುತ್ತದೆ. ಚಿಕ್ಕಪ್ಪನಿಗೆ ಕ್ಯಾನ್ಸರ್ ಇಲ್ಲ. ಅವರ ಮಾತ್ರೆ ತಂದುಕೊಡುವವಳು ನಾನೇ. ಚೀಟಿ ನನ್ನ ಹತ್ತಿರ ಇದೆ."

ಇದರ ಹಿಂದೆ ಚಂದದ ಇತಿಹಾಸವಿದೆ. 1940ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಮಕ್ಕಳ ರಕ್ತದ ಕ್ಯಾನ್ಸರ್‌ಗೆ ಅಮಿನಾಪ್ಟೆರಿನ್ ಎಂಬ ಔಷಧಿ ಕೊಟ್ಟು ನೋಡಿದರು. 1951ರಲ್ಲಿ ಗಬ್ನರ್ ಎಂಬ ವೈದ್ಯರು ಅದನ್ನೇ ಕೊಟ್ಟಾಗ ಸೋರಿಯಾಸಿಸ್ ಕೂಡ ಇಳಿದದ್ದನ್ನು ಗಮನಿಸಿ ಬರೆದರು. ಮೆಥೊಟ್ರೆಕ್ಸೇಟ್ ಅದರ ತಂಗಿ. ಬೇಗ ಬೇಗ ಹುಟ್ಟುವ ಜೀವಕೋಶಗಳನ್ನು ತಡೆಯುತ್ತದೆ. ಸಣ್ಣ ಪ್ರಮಾಣದಲ್ಲಿ, ಕೆರಳಿ ನಿಂತ ರೋಗನಿರೋಧಕ ಶಕ್ತಿಯನ್ನು ತಣ್ಣಗೆ ಮಾಡುತ್ತದೆ. ಇದರಲ್ಲಿ ನಿಜವಾದ ಅಪಾಯ ಎಲ್ಲಿದೆ ಅಂದರೆ, ವಾರಕ್ಕೊಮ್ಮೆ ನುಂಗುವುದನ್ನು ಮರೆತು ದಿನಾ ನುಂಗುವುದು. ಬಾಯೆಲ್ಲ ಹುಣ್ಣಾಗಿ, ರಕ್ತದ ಕಣ ಇಳಿದು, ಜೀವವೇ ಹೋಗಬಹುದು. ಅದಕ್ಕೇ ನಾನು ಕವರ್ ಮೇಲೆ ಕೆಂಪು ಪೆನ್ನಲ್ಲಿ 'ಭಾನುವಾರ ಮಾತ್ರ' ಎಂದು ದೊಡ್ಡದಾಗಿ ಬರೆದೇ ಕೊಡುವುದು. ಆಗಾಗ ಲಿವರ್ ಪರೀಕ್ಷೆಯೂ ಆಗಬೇಕು.

ಭಸ್ಮದ ಬಗ್ಗೆಯೂ ಬರೆದೆ. ಸೋರಿಯಾಸಿಸ್‌ಗೆ ಆರ್ಸೆನಿಕ್ ಎಂಬ ವಿಷವಸ್ತು ಕೊಡುವುದು ಯುರೋಪಿನಲ್ಲೂ ಇತ್ತು. 1786ರಲ್ಲಿ ಹೆಸರಾದ ಫೌಲರ್ ದ್ರಾವಣ ಅದೇ. ಚರ್ಮ ತಿಳಿಯಾಗುತ್ತಿತ್ತು, ಜನ ವರ್ಷಗಟ್ಟಲೆ ಕುಡಿದರು. 1887ರಲ್ಲಿ ಲಂಡನ್ನಿನ ಜೊನಾಥನ್ ಹಚಿನ್ಸನ್, ಹೀಗೆ ಕುಡಿದವರ ಚರ್ಮದಲ್ಲಿ ಕ್ಯಾನ್ಸರ್ ಏಳುವುದನ್ನು ವರದಿ ಮಾಡಿದರು. ಈಗಿನ ಮಾತು ಬೇಕೆಂದರೆ, ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ಕೊಂಡ, ನಮ್ಮ ಕಡೆ ತಯಾರಾದ 70 ಆಯುರ್ವೇದ ಔಷಧಿಗಳನ್ನು ಪರೀಕ್ಷೆ ಮಾಡಿದ ವರದಿ 2004ರಲ್ಲಿ ಬಂತು. 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತ್ತು. ಹೆಸರು, ವಿಳಾಸ ಇಲ್ಲದ, ಬರೀ ಫೋನ್ ನಂಬರ್ ಇರುವ ಭಸ್ಮದಲ್ಲಿ ಏನಿದೆ ಎಂದು ಯಾರು ಹೇಳುತ್ತಾರೆ? ಕ್ಯಾನ್ಸರ್ ಹೆದರಿಕೆ ಹುಟ್ಟಿಸಿ ಮಾರುವ ಪುಡಿಯಿಂದಲೇ ಕ್ಯಾನ್ಸರ್ ಬರಬಹುದು. ಇದನ್ನು ಬರೆಯುವಾಗ ನನಗೆ ಸಿಟ್ಟು ತಡೆಯಲಾಗಲಿಲ್ಲ.

ದೊಡ್ಡಪ್ಪ: ಋಷಿಗಳು ಕೊಟ್ಟ ವಿದ್ಯೆಯನ್ನು ಹೀಗಳೆಯಬೇಡ ಪುಟ್ಟಿ. ಎಲ್ಲಕ್ಕೂ ಪಥ್ಯ ಮುಖ್ಯ. ರಘು ಎಂದೂ ಹೇಳಿದ ಮಾತು ಕೇಳಿದವನಲ್ಲ.

ಕಾರ್ತಿಕ್: ಸುಮಕ್ಕನ ಮದುವೆಯಲ್ಲಿ ಕೇಳಿದರಲ್ಲ ದೊಡ್ಡಮಾವ.

ಗುಂಪು ಒಮ್ಮೆಗೇ ಸುಮ್ಮನಾಯಿತು. ಸುಮಕ್ಕನೂ ಏನೂ ಬರೆಯಲಿಲ್ಲ.

2014ರ ಮೇ ತಿಂಗಳು. ಮದುವೆಯ ಎರಡನೇ ಪಂಕ್ತಿ. ಚಿಕ್ಕಪ್ಪ ಪಂಚೆ ಎತ್ತಿ ಕಟ್ಟಿ ತೊವ್ವೆಯ ಬಕೆಟ್ ಹಿಡಿದು ಹೊರಟಿದ್ದರು. ಬಡಿಸುವುದು ಎಂದರೆ ಅವರಿಗೆ ಹಬ್ಬ. ಸೌಟು ಎತ್ತಿದಾಗ ತೋಳು ಜಾರಿ ಮೊಣಕೈ ಕಂಡಿತು. ಕೆಂಪಗೆ, ಮೇಲೆ ಬೆಳ್ಳಿಯಂಥ ಹೊಟ್ಟು. ಎದುರು ಕೂತವರೊಬ್ಬರು ಎಲೆ ಹಿಂದಕ್ಕೆ ಎಳೆದುಕೊಂಡರು. ದೊಡ್ಡಪ್ಪ ಬಂದು ಎಲ್ಲರ ಮುಂದೆ ಬಕೆಟ್ ತೆಗೆದುಕೊಂಡು, "ನೀನು ಬಿಡು" ಎಂದರು. ಅಷ್ಟೇ. ಚಿಕ್ಕಪ್ಪ ಕೈ ತೊಳೆದು ಹಿತ್ತಲಿಗೆ ಹೋದರು. ಆಮೇಲೆ ಯಾವ ಮನೆಯಲ್ಲೂ ಅವರು ಬಡಿಸಿಲ್ಲ. ಅದೇ ಮೇ ತಿಂಗಳಲ್ಲಿ ಜಿನೀವಾದಲ್ಲಿ ವಿಶ್ವ ಆರೋಗ್ಯ ಸಭೆ ಸೋರಿಯಾಸಿಸ್ ಬಗ್ಗೆ ಒಂದು ನಿರ್ಣಯ ಮಾಡಿತು. ಇದು ಒಬ್ಬರಿಂದ ಒಬ್ಬರಿಗೆ ಹರಡುವ ಕಾಯಿಲೆ ಅಲ್ಲ ಎಂದು ಅದರಲ್ಲೇ ಬರೆದಿದ್ದಾರೆ. ನಾನು ಅದನ್ನೂ ಗುಂಪಿಗೆ ಹಾಕಿದೆ. ದೊಡ್ಡಪ್ಪ ಓದಿದರು. ಉತ್ತರ ಬರಲಿಲ್ಲ. ಗುಂಪಿನ ಅಡ್ಮಿನ್ ದೊಡ್ಡಪ್ಪನೇ. ಫಾರ್ವರ್ಡ್ ಅಳಿಸಿ ಎಂದು ಕೇಳಿದ್ದಕ್ಕೂ ಉತ್ತರ ಬರಲಿಲ್ಲ.

ನನ್ನ ಮೆಸೇಜ್ ಯಾರು ಯಾರು ಓದಿದ್ದಾರೆ ಎಂದು ತೆರೆದು ನೋಡಿದೆ. ಪಟ್ಟಿಯಲ್ಲಿ ರಘು ಚಿಕ್ಕಪ್ಪನ ಹೆಸರಿತ್ತು. ಸಂಜೆಯಿಂದ ಕೂತು ಎಲ್ಲವನ್ನೂ ಓದಿದ್ದರು. ಅಷ್ಟರಲ್ಲಿ ನನಗೊಬ್ಬಳಿಗೇ ಅವರ ಮೆಸೇಜ್ ಬಂತು.

"ಪುಟ್ಟಿ, ಇವತ್ತು ಭಾನುವಾರ. ಮಾತ್ರೆ ತಗೊಳ್ಳಲೋ ಬೇಡವೋ?"

ಕೂಡಲೇ ಫೋನ್ ಮಾಡಿದೆ. ಅದೇ ಫಾರ್ವರ್ಡ್ ಹಿಂದಿನ ವಾರವೇ ಬೇರೆ ಯಾರೋ ಕಳಿಸಿದ್ದರಂತೆ. ಹೆದರಿ, ಹಿಂದಿನ ಭಾನುವಾರ ಮಾತ್ರೆ ಬಿಟ್ಟಿದ್ದರು. ಮೊಣಕೈ ಮತ್ತೆ ಬಿರಿಯಲು ಶುರುವಾಗಿದೆ ಎಂದರು. "ಹೋದ ವಾರದ್ದನ್ನೂ ಸೇರಿಸಿ ತಗೊಳ್ಳಬೇಡಿ. ಈ ವಾರದ್ದು ಮಾತ್ರ. ಒಂದು ವಾರ ಬಿಟ್ಟದ್ದನ್ನು ನಾಳೆ ಚರ್ಮದ ಡಾಕ್ಟರಿಗೆ ಹೇಳೋಣ" ಎಂದೆ. ಹೋದ ತಿಂಗಳಷ್ಟೇ ಲಿವರ್ ಪರೀಕ್ಷೆ ಸರಿ ಬಂದಿತ್ತು.

"ಹಾಗಾದ್ರೆ ಕ್ಯಾನ್ಸರ್ ಬರಲ್ವಾ?"

ಸುಳ್ಳು ಹೇಳಲು ನನಗೆ ಮನಸ್ಸಾಗಲಿಲ್ಲ. "ಬರೋದೇ ಇಲ್ಲ ಅಂತ ಯಾರಿಗೂ ಹೇಳೋಕಾಗಲ್ಲ ಚಿಕ್ಕಪ್ಪ. ನಿಮಗೆ ಬೇರೆಯವರಿಗಿಂತ ಸ್ವಲ್ಪ ಜಾಸ್ತಿ ಇರಬಹುದು. ವಾಸಿಯಾಗದ ಹುಣ್ಣು, ಗಂಟು ಏನೇ ಕಂಡರೂ ಕೂಡಲೇ ತೋರಿಸಬೇಕು. ನಿಮ್ಮ ಕೈಯಲ್ಲಿ ಇರೋದು ಅಂದ್ರೆ ಕವಳದ ಸಂಚಿ."

"ಅದು ಕಷ್ಟ" ಎಂದರು. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತಂಬಾಕು ಬಿಟ್ಟು ನೋಡ್ತೇನೆ ಮೊದಲು" ಎಂದರು. ಅಡಿಕೆಯನ್ನೂ ಬಿಡಬೇಕು ಅಂತ ಹೇಳುವುದಿತ್ತು. ಅವತ್ತಿಗೆ ಅಷ್ಟು ಸಾಕು ಅನ್ನಿಸಿತು.

ಫೋನ್ ಪಕ್ಕಕ್ಕಿಟ್ಟ ಸದ್ದು ಕೇಳಿಸಿತು. ಸ್ಟ್ರಿಪ್ಪಿನ ಕಾಗದ ಹರಿದ ಸದ್ದು, ಎರಡು ಸಲ. ತಂಬಿಗೆಯಿಂದ ನೀರು ಬಗ್ಗಿಸಿಕೊಂಡದ್ದು. ಮತ್ತೆ ಫೋನ್ ಎತ್ತಿಕೊಂಡು, "ಸರೋಜಕ್ಕ ದೀಪಾವಳಿಯಿಂದ ಹಾಗೆ ತಿಳ್ಕೊಂಡಿದ್ದಾಳಾ? ನಾನೇ ಮಾತಾಡ್ತೇನೆ ಅವಳ ಹತ್ರ" ಎಂದು ಇಟ್ಟುಬಿಟ್ಟರು.

ಹತ್ತು ನಿಮಿಷ ಬಿಟ್ಟು ಅತ್ತೆಗೆ ಫೋನ್ ಮಾಡಿದೆ. ಬಿಜಿ ಇತ್ತು. ಮಲಗುವ ಮೊದಲು ಹನ್ನೊಂದೂವರೆಗೆ ಇನ್ನೊಮ್ಮೆ ಮಾಡಿದೆ. ಆಗಲೂ ಬಿಜಿ.