ಅಪ್‌ಡೇಟ್: ಏರ್‌ಗನ್ ಆಯ್ಕೆ ಕೊನೆಗೆ ನಿಂತದ್ದು ಟ್ರಿಗರ್ ಮತ್ತು ಪೆಲೆಟ್ ಮೇಲೆ

10 ಮೀಟರ್ ಪೇಪರ್ ಟಾರ್ಗೆಟ್‌ಗೆ 4.5 ಮಿ.ಮೀ. ಪೆಲೆಟ್ (ಏರ್‌ಗನ್‌ನ ಸಣ್ಣ ಗುಂಡು) ಹಾಕುವ ಗನ್ ತಗೊಳ್ಳೋದಾ 5.5ರದ್ದಾ, ಪೆಲೆಟ್‌ನ ವೇಗ ಎಷ್ಟಿರಬೇಕು ಅಂತ ಕೇಳಿದ್ದೆ. ಉತ್ತರಿಸಿದವರಿಗೆಲ್ಲ ಥ್ಯಾಂಕ್ಸ್. 4.5ರ ಸ್ಪ್ರಿಂಗ್ ಪಿಸ್ಟನ್ (ಸ್ಪ್ರಿಂಗ್ ತಳ್ಳಿದ ಪಿಸ್ಟನ್ ಗಾಳಿ ಒತ್ತಿ ಪೆಲೆಟ್ ಹಾರಿಸುತ್ತದೆ), ಬ್ರೇಕ್ ಬ್ಯಾರಲ್ (ನಳಿಕೆಯನ್ನೇ ಮಡಚಿ ಸ್ಪ್ರಿಂಗ್ ಬಿಗಿಯುವ) ರೈಫಲ್ ತಗೊಂಡೆ.

ವೇಗದ ಪ್ರಶ್ನೆಯೇ ಅನಗತ್ಯವಾಗಿತ್ತು. ಗನ್ ಡಬ್ಬದ ಮೇಲಿನ ದೊಡ್ಡ ವೇಗದ ಸಂಖ್ಯೆ ಸಾಮಾನ್ಯವಾಗಿ ಹಗುರ ಅಲಾಯ್ (ಮಿಶ್ರಲೋಹ) ಪೆಲೆಟ್‌ನದು. ಶಬ್ದದ ವೇಗದ (ಸುಮಾರು 340 ಮೀ/ಸೆ) ಆಸುಪಾಸಿಗೆ ಹೋದರೆ ಪೆಲೆಟ್ ಓಲಾಡಿ ಗುಂಪು (ಪೇಪರ್ ಮೇಲೆ ಬಿದ್ದ ತೂತುಗಳ ಗುಂಪು) ಚದುರುತ್ತದೆ. ಪೇಪರ್ ತೂತು ಮಾಡಲು 0.52 ಗ್ರಾಂ ಪೆಲೆಟ್‌ಗೆ 170 ಮೀ/ಸೆ, ಅಂದರೆ 7.5 ಜೌಲ್ ಧಾರಾಳ.

ಕೊಳ್ಳುವಾಗ ನೋಡಬೇಕಾದ್ದು ಬ್ಯಾರಲ್ ಲಾಕ್. ಮುಚ್ಚಿದ ಮೇಲೆ ಮೂತಿ ಹಿಡಿದು ಎಡಕ್ಕೆ ಬಲಕ್ಕೆ ಅಲುಗಿಸಿ. ಕೂದಲೆಳೆಯಷ್ಟು ಆಡಿದರೂ ಬೇಡ. ಟ್ರಿಗರ್ ಎಲ್ಲಿ ಬಿಡುತ್ತದೆ ಅನ್ನೋದು ಪ್ರತಿ ಸಲ ಒಂದೇ ಥರ ಬೆರಳಿಗೆ ಗೊತ್ತಾಗಬೇಕು. ಆದರೆ ಪೆಲೆಟ್ ಇಲ್ಲದೆ ಹೊಡೆದು ನೋಡಬೇಡಿ: ಮುಂದೆ ತಡೆಯಿಲ್ಲದೆ ಪಿಸ್ಟನ್ ಸಿಲಿಂಡರ್ ತುದಿಗೆ ಬಡಿದು ಸೀಲ್ ಹಾಳಾಗುತ್ತದೆ.

ಸ್ಪ್ರಿಂಗ್ ಗನ್ ಹಿಂದಕ್ಕೂ ಮುಂದಕ್ಕೂ ಒದೆಯುತ್ತದೆ. ಬಿಗಿಯಾಗಿ ಹಿಡಿದರೆ ಗುಂಪು ಹಿಗ್ಗುತ್ತದೆ. ಮುಂದಿನ ಕೈಯ ಅಂಗೈ ಮೇಲೆ ಸುಮ್ಮನೆ ಕೂರಿಸಿ. ಇದೇ ಒದೆತಕ್ಕೆ ಮಾಮೂಲಿ ಸ್ಕೋಪ್ (ಗುರಿ ನೋಡುವ ದುರ್ಬೀನು) ಕೂಡ ಕೈಕೊಡುತ್ತದೆ. ಏರ್‌ಗನ್‌ಗೆಂದೇ ಮಾಡಿದ್ದು, 10 ಮೀಟರ್‌ವರೆಗೆ ಫೋಕಸ್ ಇಳಿಯುವಂಥದ್ದು ಬೇಕು.

ಈಗ ಮೂರ್ನಾಲ್ಕು ಬಗೆಯ ಪೆಲೆಟ್ ತರಿಸಿದ್ದೇನೆ. ಒಂದೊಂದರಲ್ಲಿ ಹತ್ತು ಹೊಡೆದು, ಗುಂಪು ಚಿಕ್ಕದಾದದ್ದನ್ನು ಇಟ್ಟುಕೊಳ್ಳುವುದು. ಹೊಸ ಬ್ಯಾರಲ್‌ನ ಎಣ್ಣೆ ಮೊದಲು ಒರೆಸಬೇಕು, ಇಲ್ಲದಿದ್ದರೆ ಅದು ಹೊತ್ತಿಕೊಂಡು ಹೊಗೆ ಬರುತ್ತದೆ, ಗುಂಪಿನ ಅಳತೆಯೂ ಕೆಡುತ್ತದೆ.