‘ಭಕ್ತಿ’ ಮತ್ತ ‘ನಡಕೊಳ್ಳೋದು’ ಎರಡೂ ಒಂದ ಏನ್ರಿ?

ಎಲ್ಲಾರಿಗೂ ನಮಸ್ಕಾರ. ಧರ್ಮಗಳ ಬಗ್ಗೆ ಒಂದು ಇಂಗ್ಲಿಷ್ ಲೇಖನ ಕನ್ನಡಕ್ಕ ತರಾಕ ಹತ್ತೀನಿ, ಅದರಾಗ ‘ಡಿವೋಷನಲಿಸಂ’ ಅನ್ನೋದು ಮ್ಯಾಲಿಂದ ಮ್ಯಾಲೆ ಬರತೈತಿ. ‘ಭಕ್ತಿ’ ಅಂತ ಬರದ್ರ ಮುಗೀತಲ್ಲ ಅಂತೀರಿ, ಮುಗಿಯಂಗಿಲ್ರಿ. ‘ಭಕ್ತಿಪಂಥ’ ಅಂದ್ರ ಸಾಲ್ಯಾಗಿನ ಇತಿಹಾಸದ ಪಾಠ ನೆನಪಾಗತೈತಿ, ಕಬೀರ, ಮೀರಾ, ಚೈತನ್ಯ ಅಂತ. ‘ಭಕ್ತಿಮಾರ್ಗ’ ಅಂದ್ರ ಜ್ಞಾನ, ಕರ್ಮದ ಬಾಜೂಕ ಹೋಗಿ ಕುಂದರತೈತಿ. ‘ಭಕ್ತಿವಾದ’ ಅಂತೂ ಯಾರೂ ಬಾಯಾಗ ಆಡೂ ಮಾತಲ್ಲ. ಲೇಖನದಾಗ ಹೇಳೂದು ಮಂದಿ ದಿನಾ ದೇವರ ಜೋಡಿ ಇಟಗೊಂಡಿರೂ ಸಂಬಂಧದ ಬಗ್ಗೆ, ಅಂದ್ರ ಪೂಜಿ, ಹರಕಿ, ಉಪಾಸ, ಭಜನಿ, ಜಾತ್ರಿ ಎಲ್ಲಾ ಕೂಡಿ.

ಇದಕ್ಕ ನಮ್ಮ ಹುಬ್ಬಳ್ಳಿ ಧಾರವಾಡ ಕಡೆ ಒಂದು ಮಾತು ಐತಿ, ನಡಕೊಳ್ಳೋದು. “ನೀವು ಯಾ ದೇವರಿಗೆ ನಡಕೋತೀರಿ?” ಅಂತ ಬೀಗತನ ಮಾಡೂ ಮುಂದ ಕೇಳೇ ಕೇಳ್ತಾರ. ಒಬ್ಬರು ಸವದತ್ತಿ ಎಲ್ಲಮ್ಮಗ ನಡಕೋತೀವಿ ಅಂತಾರ, ರಾಣೆಬೆನ್ನೂರ ಕಡಿಯವರು ದೇವರಗುಡ್ಡದ ಮಾಲತೇಶಗ ಅಂತಾರ. “ಮಂದಿ ಜೋಡಿ ನೆಟ್ಟಗ ನಡಕೋ” ಅಂದ್ರ ವರ್ತನೆ, ಆದ್ರ ಅದ ಕ್ರಿಯಾಪದಕ್ಕ ‘ದೇವರಿಗೆ’ ಅಂತ ಚತುರ್ಥಿ ಹತ್ತಿದ್ರ ಅರ್ಥಾನ ಬ್ಯಾರೆ ಆಗತೈತಿ ನೋಡ್ರಿ. ಇಲ್ಲೆ ನಿಮಗ ನಂಬಿಕಿ ಎಷ್ಟೈತಿ ಅಂತ ಯಾರೂ ಕೇಳಂಗಿಲ್ಲ, ನಿಮ್ಮ ಮನಿತನದಾಗ ಏನು ಮಾಡ್ಕೋತ ಬಂದೀರಿ ಅನ್ನೋದಷ್ಟ ಮುಖ್ಯ. ಎಲ್ಲಮ್ಮಗ ನಡಕೊಳ್ಳೋರು ಗುಡ್ಡಕ್ಕ ಹೋಗಿ ಹಡ್ಡಲಗಿ (ದೇವಿ ನೈವೇದ್ಯದ ಬುಟ್ಟಿ) ತುಂಬಸಬೇಕು, ಮಾಲತೇಶಗ ನಡಕೊಳ್ಳೋರು ಆ ದೇವರ ಸೇವಾಕ್ಕ ನಿಂತ ಗೊರವಯ್ಯಗೋಳನ್ನ ಕರದು ಅವರ ದೋಣಿ (ನೈವೇದ್ಯ ಹಾಕೂ ಪಾತ್ರೆ) ತುಂಬಸಬೇಕು, ಮನ್ಯಾಗ ಲಗ್ನ ಆತಂದ್ರ ಜೋಡಿ ಕರಕೊಂಡು ಅಲ್ಲಿ ಹೋಗಿ ಬರಬೇಕು. ದೇವರ ಇಲ್ಲ ಅಂತ ವಾದ ಮಾಡೂ ಹುಡುಗನೂ ಅವ್ವನ್ನ ಕೂಡಿಸ್ಕೊಂಡು ಗಾಡಿ ಹೊಡಕೊಂಡು ಹೋಗ್ತಾನ, ಕೇಳಿದ್ರ “ಭಕ್ತಿ ಗಿಕ್ತಿ ಏನಿಲ್ರಿ, ನಡಕೋತೀವಿ ಅಷ್ಟ” ಅಂತಾನ. ಹಂಗಾದ್ರ ಇವೆರಡೂ ಒಂದ ಅಲ್ಲ ಅಂತ ಮಾತಾಡೋರಿಗೇ ಗೊತ್ತೈತಿ ಅಂತಾತು.

‘ಭಕ್ತರು’ ಅನ್ನೋದರದು ಇನ್ನೊಂದು ತೊಡಕು. ಮಠದ ಜಾತ್ರಿ ಕಾರ್ಡಿನಾಗ ‘ಸಕಲ ಸದ್ಭಕ್ತರು’ ಅಂತ ಇರತೈತಿ, ಕೆಳಗ ‘ಭಕ್ತಿಸೇವೆ’ ಅಂತ ಬರದು ಮುಂದ ಮನಿತನದ ಹೆಸರು. ಅಲ್ಲಿ ಭಕ್ತಿ ಅಂದ್ರ ಸೀದಾ ಕಾಣಿಕಿ, ಇಲ್ಲಾ ದಾಸೋಹದ ಖರ್ಚು. ‘ನಾವು ಗದಗಿನ ತೋಂಟದಾರ್ಯ ಮಠದ ಭಕ್ತರು’ ಅನ್ನೂ ಮಾತಿನಾಗ ಮನಸಿನ ಭಾವನಾಕಿಂತ ಸಂಬಂಧ ಹೆಚ್ಚೈತಿ. (ವಾಟ್ಸಾಪಿನಾಗ ‘ಭಕ್ತ’ ಅಂತ ಬೈಯೂದನ್ನ ಇಲ್ಲಿ ತರೂದು ಬ್ಯಾಡ, ಜಗಳಾ ಹತ್ತತೈತಿ.)

ಮೂಲ ನೋಡಿದ್ರ ‘ಭಕ್ತಿ’ ಬಂದಿದ್ದು ಸಂಸ್ಕೃತದ ‘ಭಜ್’ ಧಾತುವಿಂದ, ಅದಕ್ಕ ಹಂಚು, ಪಾಲು ತಗೋ, ಸೇವಾ ಮಾಡು ಅಂತೆಲ್ಲಾ ಅರ್ಥ ಅದಾವ. ಭಜನಿ, ಭಾಗ, ವಿಭಕ್ತಿ, ಅವಿಭಕ್ತ ಕುಟುಂಬ ಎಲ್ಲಾ ಅದ ಮನಿಯವು. ಇಂಗ್ಲಿಷಿನ ‘ಡಿವೋಷನ್’ ಲ್ಯಾಟಿನ್ನಿನ ಹರಕಿ ಹೊರೂ ಶಬ್ದದಿಂದ ಬಂದದ್ದು, ಅಂದ್ರ ಅದರ ಬೇರು ನಮ್ಮ ‘ಹರಕಿ’ಗೆ ಹತ್ತರ, ‘ಭಕ್ತಿ’ಗಲ್ಲ. ನನಗ ಇದು ಭಾಳ ಸೇರಿತು.

ಗ್ರಂಥದಾಗಿನ ಭಕ್ತಿನೂ ಒಂದ ತರಾ ಇಲ್ಲ. ಭಾಗವತದಾಗ ಶ್ರವಣ, ಕೀರ್ತನದಿಂದ ಆತ್ಮನಿವೇದನದ ತನಕಾ 9, ಇವು ಮಾಡೂ ಬಗೆಗೋಳು. ಶರಣರ ಷಟ್‌ಸ್ಥಲದಾಗ ಶ್ರದ್ಧಾ, ನಿಷ್ಠಾ, ಅವಧಾನ, ಅನುಭಾವ, ಆನಂದ, ಸಮರಸ ಅಂತ 6, ಇವು ಏರೂ ಮೆಟ್ಟಲ. ಭಕ್ತಸ್ಥಲ ಅಲ್ಲಿ ಮೊದಲನೇದು, ಆದ್ರ ಕೊನೀ ಮೆಟ್ಟಲಕ್ಕ ಹೋದ್ರೂ ಭಕ್ತಿ ಅನ್ನೋ ಶಬ್ದ ಬಿಟ್ಟಿಲ್ಲ, ಹೆಸರಷ್ಟ ಸಮರಸಭಕ್ತಿ ಆತು. ಹಿಂಗಾಗಿ ಭಕ್ತಿ ಅಂದ್ರ ತಿಳುವಳಿಕಿ ಇಲ್ಲದವರ ದಾರಿ, ಜ್ಞಾನ ಅಂದ್ರ ಶಾಣ್ಯಾರ ದಾರಿ ಅನ್ನೂ ಲೇಖನದ ಧಾಟಿ ನಮ್ಮ ಕಡೆ ಹೊಂದಂಗಿಲ್ಲ. ಹುಬ್ಬಳ್ಳಿ ಸಿದ್ಧಾರೂಢಜ್ಜ ಹೇಳಿದ್ದು ಅದ್ವೈತ, ಮಠಕ್ಕ ಹೋದ್ರ ಕಿವಿಗೆ ಬೀಳೂದು ಓಂ ನಮಃ ಶಿವಾಯ ಅನ್ನೂ ಭಜನಿ, ಅಲ್ಲಿ ಯಾರೂ ಎರಡರ ನಡುವ ಗೆರಿ ಕೊರದಿಲ್ಲ. ಶಿಶುನಾಳ ಷರೀಫಜ್ಜನ (1819–1889) ಪದಗೋಳಿಗೆ ಹಳೇ ಮಂದಿ ‘ತತ್ವಪದ’ ಅಂತಾರ, ಯೂಟ್ಯೂಬಿನಾಗ ನೋಡಿದ್ರ ‘ಭಕ್ತಿಗೀತೆ’ ಅಂತ ಬರದಿರ್ತಾರ. ನನಗಂತೂ ಆ ಲೇಬಲ್ ಸರಿ ಅನಸಂಗಿಲ್ಲ, ಗುರು ಕಳಸದ ಗೋವಿಂದಭಟ್ಟರ ಕೈಯಾಗ ಪಳಗಿದ ಆ ಒಗಟಿನ ಮಾತು ಬರೇ ಸ್ತುತಿ ಅಲ್ಲ.

ಸದ್ಯಕ್ಕ ನಾನು ‘ದೇವರಿಗೆ ನಡೆದುಕೊಳ್ಳುವ ಬದುಕು’ ಅಂತ ಬರದು, ಅಲ್ಲಲ್ಲಿ ‘ಭಕ್ತಿಯ ನಡೆ’ ಅಂತ ಇಟ್ಟೀನಿ. ಈಗ ನಿಮಗ ಕೇಳೂದು ಏನಂದ್ರ, ಮೈಸೂರು, ಮಂಗಳೂರು ಕಡೆ ಓದೋರಿಗೆ ‘ದೇವರಿಗೆ ನಡೆದುಕೊಳ್ಳು’ ಅಂದ್ರ ತಿಳೀತೈತಿ ಏನ್ರಿ, ಇಲ್ಲಾ ‘ದೇವರ ಮುಂದೆ ಸಭ್ಯವಾಗಿರು’ ಅಂತ ಅನಸತೈತಿ? ನಿಮ್ಮ ಕಡೆ ‘ಒಕ್ಕಲು’ ಅಂತಾರಲ್ಲ, ‘ನಾವು ಇಂಥಾ ದೇವರ ಒಕ್ಕಲು’ ಅಂತ, ಅದು ಇದಕ್ಕ ಸಮ ಆಗತೈತೋ ಹೆಂಗ? ಕಿಟೆಲ್ ನಿಘಂಟು ಕೈಯಾಗ ಇದ್ದೋರು ‘ನಡೆ’ ಶಬ್ದದ ಕೆಳಗ ಈ ಚತುರ್ಥಿ ಬಳಕಿ ಐತೇನ ನೋಡಿ ಹೇಳ್ರಿ.