ರೇಡ್-1ರಲ್ಲಿ 1 ಟಿಬಿ ತೆಗೆದು 4 ಟಿಬಿ ಹಾಕಿದವರು ಅನುಭವ ಹೇಳಿ

ಪ್ರಶ್ನೆ: ಕಚೇರಿಯ ಡೆಬಿಯನ್ ಲಿನಕ್ಸ್ ಸರ್ವರ್. ಎರಡು 1 ಟಿಬಿ ಡಿಸ್ಕ್, ಎಂಡಿಎಡಿಎಂ (ಲಿನಕ್ಸ್‌ನಲ್ಲಿ ರೇಡ್ ನೋಡಿಕೊಳ್ಳುವ ತಂತ್ರಾಂಶ) ರೇಡ್-1 (ಎರಡೂ ಡಿಸ್ಕಿನಲ್ಲಿ ಅದೇ ಡೇಟಾ), ಅದರ ಮೇಲೆ ಎಕ್ಸ್‌ಟಿ4 ಫೈಲ್ ಸಿಸ್ಟಮ್. ಜಾಗ ತುಂಬಿದೆ. ಡೇಟಾಕ್ಕೆ ಧಕ್ಕೆ ಆಗದಂತೆ 4 ಟಿಬಿ ಜೋಡಿಗೆ ಹೋಗುವುದು ಹೇಗೆ?

ಉತ್ತರ: ಮೊದಲು ಬ್ಯಾಕಪ್, ಅದೂ ಬೇರೆ ಮಷೀನಿನಲ್ಲಿ. ಅದರಿಂದ ನಾಲ್ಕಾರು ಫೈಲ್ ವಾಪಸ್ ತಂದು ತೆರೆದು ನೋಡುವವರೆಗೂ ಡಿಸ್ಕ್ ಮುಟ್ಟಬೇಡಿ.

ಖಾಲಿ ಸಾಟಾ ಪೋರ್ಟ್ (ಡಿಸ್ಕ್ ಜೋಡಿಸುವ ಜಾಗ) ಇದೆಯಾ? ಇದ್ದರೆ ಹಳೆಯದನ್ನು ಫೇಲ್ ಮಾಡಿ ತೆಗೆಯುವ ದಾರಿ ಬೇಡವೇ ಬೇಡ. ಆ ದಾರಿಯಲ್ಲಿ ಸಿಂಕ್ (ಹೊಸ ಡಿಸ್ಕಿಗೆ ನಕಲು) ಮುಗಿಯುವ ತನಕ ಇಡೀ ಡೇಟಾ ಒಂದೇ ಹಳೆ ಡಿಸ್ಕನ್ನು ನೆಚ್ಚಿಕೊಂಡಿರುತ್ತದೆ. ಹೊಸ ಡಿಸ್ಕಿಗೆ ಜಿಪಿಟಿ ಪಾರ್ಟಿಷನ್ ಪಟ್ಟಿ ಹಾಕಿ (ಹಳೆಯ ಎಂಬಿಆರ್ ಪಟ್ಟಿ 2 ಟಿಬಿ ದಾಟುವುದಿಲ್ಲ), ದೊಡ್ಡ ಪಾರ್ಟಿಷನ್ ಮಾಡಿ, ಸ್ಪೇರ್ (ಬದಲಿ ಡಿಸ್ಕ್) ಆಗಿ ಸೇರಿಸಿ, ಆಮೇಲೆ ಎಂಡಿಎಡಿಎಂನ ರಿಪ್ಲೇಸ್ ಆಜ್ಞೆ ಕೊಡಿ. ನಕಲು ಪೂರ್ತಿ ಆದ ಮೇಲಷ್ಟೇ ಹಳೆಯದು ಅರೇಯಿಂದ (ರೇಡ್ ಜೋಡಿಯಿಂದ) ಹೊರಬೀಳುತ್ತದೆ. ಲಿನಕ್ಸ್ ಕರ್ನಲ್ 3.3ರಿಂದಲೂ ಈ ಸೌಲಭ್ಯ ಇದೆ, ಆದರೂ ಬಳಸುವವರು ಕಡಿಮೆ ಅನ್ನೋದೇ ನನಗೆ ಬೇಸರ.

ಎರಡನೆಯದಕ್ಕೂ ಹೀಗೇ ಮಾಡಿ. ಆಮೇಲೆ ಅರೇ ಹಿಗ್ಗಿಸಲು ಎಂಡಿಎಡಿಎಂನ ಗ್ರೋ ಆಯ್ಕೆಯಲ್ಲಿ ಸೈಜ್ ಮ್ಯಾಕ್ಸ್, ಕೊನೆಗೆ ಫೈಲ್ ಸಿಸ್ಟಮ್ ಹಿಗ್ಗಿಸಲು ರೀಸೈಜ್2ಎಫ್‌ಎಸ್ ಆಜ್ಞೆ. ಮೌಂಟ್ ಆಗಿದ್ದಾಗಲೇ ಎಕ್ಸ್‌ಟಿ4 ಬೆಳೆಯುತ್ತದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೆ ಒಂದೊಂದು ನಕಲಿಗೆ ಸುಮಾರು 2 ಗಂಟೆ. ಗ್ರೋ ಆದ ಮೇಲೆ ಹೊಸ 3 ಟಿಬಿ ಸಿಂಕ್ ಆಗಲು ಇನ್ನೂ ಐದೂವರೆ ಗಂಟೆ. ಶನಿವಾರ ಬೆಳಿಗ್ಗೆ ಶುರು ಮಾಡಿ.

ಉತ್ತರ: ಕ್ಯಾಬಿನೆಟ್ ತೆರೆಯುವ ಮೊದಲು ಸೀರಿಯಲ್ ನಂಬರ್ ಬರೆದಿಟ್ಟುಕೊಳ್ಳಿ. ಡಿಸ್ಕಿಗೆ ಲಿನಕ್ಸ್ ಕೊಡುವ ಎಸ್‌ಡಿಎ, ಎಸ್‌ಡಿಬಿ ಹೆಸರು ರೀಬೂಟ್ ಆದಾಗ ಅದಲು ಬದಲಾಗಬಹುದು, ಡಿಸ್ಕಿನ ಮೇಲಿನ ಲೇಬಲ್ ಬದಲಾಗಲ್ಲ.

ಉತ್ತರ: ಮೇಲಿನ ಎರಡಕ್ಕೂ ಸಹಮತ. ಎರಡು ಮಾತು ಸೇರಿಸ್ತೀನಿ. ಹಿಂದಿನ ದಿನವೇ ಅರೇ ಮೇಲೆ ಒಂದು ಚೆಕ್ ಓಡಿಸಿ, ಸ್ಮಾರ್ಟ್ ವರದಿಯಲ್ಲಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ವರದಿ) ಪೆಂಡಿಂಗ್ ಸೆಕ್ಟರ್, ಅಂದರೆ ಸರಿಯಾಗಿ ಓದಲಾಗದ ಭಾಗ, ಸೊನ್ನೆ ಇದೆಯಾ ನೋಡಿ. ಸೊನ್ನೆ ಇಲ್ಲದ ಡಿಸ್ಕನ್ನೇ ಮೊದಲು ಬದಲಿಸಿ. ಅರೇಯ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್‌ನಲ್ಲಿ ಎರಡು 'ಯು' ಕಾಣಬೇಕು. ಒಂದರ ಜಾಗದಲ್ಲಿ ಅಡಿಗೆರೆ ಇದ್ದರೆ ಅಲ್ಲಿಗೇ ನಿಲ್ಲಿಸಿ.

ಬೂಟ್ ಆಗುವುದೂ ಇದೇ ಡಿಸ್ಕಿನಿಂದಲಾ? ಹಾಗಿದ್ದರೆ ಎರಡೂ ಹೊಸ ಡಿಸ್ಕಿಗೆ ಗ್ರಬ್ (ಬೂಟ್ ಮಾಡಿಸುವ ತಂತ್ರಾಂಶ) ಹಾಕಿ. ಹಳೆ ಬಯೋಸ್ ಮೋಡ್ ಆದರೆ ಜಿಪಿಟಿಯಲ್ಲಿ 1 ಎಂಬಿಯ ಬಯೋಸ್ ಬೂಟ್ ಪಾರ್ಟಿಷನ್ ಬೇಕು, ಯುಇಎಫ್‌ಐ ಆದರೆ ಇಎಫ್‌ಐ ಪಾರ್ಟಿಷನ್ ಎರಡರಲ್ಲೂ ಇರಲಿ. ಸಿಂಕ್ ಪೂರ್ತಿ ಮುಗಿದ ಮೇಲೆ ಮಷೀನ್ ಆಫ್ ಮಾಡಿ, ಒಂದೊಂದೇ ಡಿಸ್ಕಿನಿಂದ ಬೂಟ್ ಆಗುತ್ತಾ ಪರೀಕ್ಷಿಸಿ. ಅದಾಗುವವರೆಗೂ ಹಳೆ ಡಿಸ್ಕುಗಳನ್ನು ಅಳಿಸಬೇಡಿ.